ನಾವು ಏನನ್ನು ತಯಾರಿಸಬೇಕು? ಲೂಕಾಸ್ ಕಾರ್ಮಿಕರ ಯೋಜನೆ

ಮನೆಯಲ್ಲಿರುವ ಫ್ರಿಜ್ಜಿನ ಹಿಂಭಾಗದ ಕಪ್ಪು ಕೊಳವೆಗಳ ಬಳಿ ಒಮ್ಮೆ ಅಂಗೈ ಹಿಡಿದು ನೋಡಿ. ಕೆಲವು ಹೊಸ ಮಾದರಿಗಳಲ್ಲಿ ಈ ಕೊಳವೆಗಳು ಪಕ್ಕದ ಗೋಡೆಯೊಳಗೆ ಅಡಗಿರುತ್ತವೆ. ಎಲ್ಲಿದ್ದರೂ ಸರಿ, ಆ ಜಾಗ ಬೆಚ್ಚಗಿರುತ್ತದೆ. ಒಳಗಿರುವ ಹಾಲು, ತರಕಾರಿಗಳಿಂದ ಹೊರತೆಗೆದ ಶಾಖ ಅದು. ಕಂಪ್ರೆಸರಿಗೆ ಕೊಟ್ಟ ವಿದ್ಯುತ್ತೂ ಶಾಖವಾಗಿ ಅದರೊಂದಿಗೆ ಸೇರಿಕೊಂಡಿರುತ್ತದೆ. ಹೀಗೆ ತಣ್ಣನೆಯ ಕಡೆಯಿಂದ ಶಾಖವನ್ನು ಎತ್ತಿ ಬಿಸಿಯ ಕಡೆಗೆ ಸಾಗಿಸುವ ಯಂತ್ರಕ್ಕೆ ಉಷ್ಣ ಪಂಪ್ ಎಂದು ಹೆಸರು. ಇದೇ ಯಂತ್ರ ಹೊರಗಿನ ಚಳಿಗಾಳಿಯಿಂದ ಶಾಖ ಹೀರಿ ಮನೆಯೊಳಕ್ಕೆ ತರುವಂತೆ ಜೋಡಿಸಿದರೆ, ಶೀತ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಸಾಧನ ಸಿದ್ಧವಾಗುತ್ತದೆ. ಮನೆ ಮನೆಯಲ್ಲಿ ಅನಿಲ, ಎಣ್ಣೆ ಉರಿಸುವುದನ್ನು ತಗ್ಗಿಸಲೆಂದು ಯುರೋಪಿನ ಹಲವು ಸರ್ಕಾರಗಳು ಈಗ ಉಷ್ಣ ಪಂಪುಗಳಿಗೆ ಸಹಾಯಧನ ನೀಡುತ್ತಿವೆ.

ಸುಮಾರು ಅರ್ಧ ಶತಮಾನದ ಹಿಂದೆ, 1976ರ ಜನವರಿಯಲ್ಲಿ, ಬ್ರಿಟನ್ನಿನ ಒಂದು ಕಂಪನಿಯ ಕಾರ್ಮಿಕರು ತಮ್ಮ ಆಡಳಿತ ವರ್ಗದ ಮುಂದೆ ಒಂದು ಯೋಜನೆಯನ್ನಿಟ್ಟರು. ಅದರಲ್ಲಿ ಉಷ್ಣ ಪಂಪ್ ಇತ್ತು. ಗಾಳಿಯಂತ್ರ, ಸೌರಶಕ್ತಿಯ ಸಾಧನಗಳು, ಇಂಧನ ಕೋಶ, ಪೆಟ್ರೋಲ್ ಮತ್ತು ವಿದ್ಯುತ್ ಎರಡರಿಂದಲೂ ಓಡುವ ವಾಹನ ಇವೆಲ್ಲವೂ ಇದ್ದವು. ಸಂಬಳ ಏರಿಸಿ ಎಂಬ ಬೇಡಿಕೆ ಅದರ ತಿರುಳಾಗಿರಲಿಲ್ಲ. 'ನಮ್ಮ ಕೈಗಳಿಗೆ ಕೆಲಸ ಗೊತ್ತಿದೆ. ಈ ಕೈಗಳಿಂದ ಸಮಾಜಕ್ಕೆ ಬೇಕಾದುದನ್ನು ತಯಾರಿಸೋಣ' ಎಂಬುದು ಅದರ ಸಾರಾಂಶ. ತಂತ್ರಜ್ಞಾನದ ಇತಿಹಾಸದಲ್ಲಿ ಇದು ಲೂಕಾಸ್ ಯೋಜನೆ ಎಂದು ಹೆಸರಾಗಿದೆ.

'ಉದ್ಯೋಗವೋ, ಪರಿಸರವೋ?' ಎಂಬ ಚರ್ಚಾಸ್ಪರ್ಧೆಯನ್ನು ನಿಮ್ಮ ಶಾಲೆಯಲ್ಲೂ ನಡೆಸಿರಬಹುದು. ಕಾರ್ಖಾನೆ ಮುಚ್ಚಿದರೆ ಕಾರ್ಮಿಕನ ಅನ್ನ ಹೋಗುತ್ತದೆ, ಮುಚ್ಚದಿದ್ದರೆ ನದಿ ಹಾಳಾಗುತ್ತದೆ ಎಂದು ಎರಡು ಗುಂಪುಗಳು ವಾದಿಸುತ್ತವೆ. ಕಾರ್ಮಿಕ ಸಂಘ ಯಾವಾಗಲೂ ಒಂದೇ ಕಡೆ ನಿಲ್ಲುತ್ತದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಲೂಕಾಸ್ ಕಾರ್ಮಿಕರ ಕಥೆ ಈ ಊಹೆಯನ್ನು ಅಲುಗಾಡಿಸುತ್ತದೆ. ಅಷ್ಟೇ ಅಲ್ಲ, ಚರ್ಚೆಯ ಪ್ರಶ್ನೆಯನ್ನೇ ಬದಲಿಸಬೇಕೆನ್ನುತ್ತದೆ.

ಕಂಪನಿ ಮತ್ತು ಅದರ ಕೆಲಸಗಾರರು

ಬರ್ಮಿಂಗ್‌ಹ್ಯಾಮಿನ ಲೂಕಾಸ್ ಇಂಡಸ್ಟ್ರೀಸ್ ಮೋಟಾರು ವಾಹನಗಳ ವಿದ್ಯುತ್ ಉಪಕರಣಗಳಿಗೆ ಹೆಸರಾಗಿದ್ದ ಸಂಸ್ಥೆ. ಅದರ ಒಂದು ಅಂಗ ಲೂಕಾಸ್ ಏರೋಸ್ಪೇಸ್. ವಿಮಾನಗಳ ಜನರೇಟರುಗಳು, ಎಂಜಿನ್ನಿಗೆ ಇಂಧನ ಹರಿಯುವುದನ್ನು ನಿಯಂತ್ರಿಸುವ ಸಾಧನಗಳು ಮೊದಲಾದ ಅತಿ ನಿಖರವಾದ ಭಾಗಗಳನ್ನು ಅದು ತಯಾರಿಸುತ್ತಿತ್ತು. ಅದರ ವ್ಯವಹಾರದ ಸುಮಾರು ಅರ್ಧ ಭಾಗ ಸೇನೆಗೆ ಸಂಬಂಧಿಸಿದ್ದು. ಇಲ್ಲಿ ಕೆಲಸ ಮಾಡುತ್ತಿದ್ದವರು ನುರಿತ ಫಿಟ್ಟರುಗಳು, ಟರ್ನರುಗಳು, ಡ್ರಾಫ್ಟ್ಸ್‌ಮನ್‌ಗಳು, ವಿನ್ಯಾಸ ಎಂಜಿನಿಯರುಗಳು. ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ ಅಳತೆ ನೋಡುವ ಕೆಲಸ ಅವರದು.

1970ರ ಸುಮಾರಿಗೆ ಅಲ್ಲಿ ಹದಿನೆಂಟು ಸಾವಿರ ಮಂದಿ ಇದ್ದರು. ಕಂಪನಿಯ ಪುನರ್ರಚನೆ, ಹೊಸ ಯಂತ್ರಗಳು, ಸೇನಾ ಬೇಡಿಕೆಯಲ್ಲಾದ ಏರುಪೇರು ಇವುಗಳಿಂದಾಗಿ ಕೆಲವೇ ವರ್ಷಗಳಲ್ಲಿ ಈ ಸಂಖ್ಯೆ ಹದಿಮೂರು ಸಾವಿರದ ಆಸುಪಾಸಿಗೆ ಇಳಿಯಿತು. ಒಂದೊಂದು ಊರಿನ ಕಾರ್ಖಾನೆಯಲ್ಲಿ ಒಂದೊಂದು ಸಂಘವಿದ್ದರೆ ಇದನ್ನು ತಡೆಯುವುದು ಸಾಧ್ಯವಿಲ್ಲವೆಂದು ಕಾರ್ಮಿಕರಿಗೆ ಅರಿವಾಯಿತು. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಕೆಲಸದ ಜಾಗದಲ್ಲೇ ಸಹೋದ್ಯೋಗಿಗಳಿಂದ ಆರಿಸಲ್ಪಟ್ಟು ಅವರ ಪರವಾಗಿ ಮಾತನಾಡುವವರನ್ನು ಶಾಪ್ ಸ್ಟೀವರ್ಡ್ ಎನ್ನುತ್ತಾರೆ. ಲೂಕಾಸ್ ಏರೋಸ್ಪೇಸಿನ ಎಲ್ಲ ಕಾರ್ಖಾನೆಗಳ, ಬೇರೆ ಬೇರೆ ಸಂಘಗಳ ಸ್ಟೀವರ್ಡುಗಳು ಸೇರಿ ಒಂದು ಒಕ್ಕೂಟ ಸಮಿತಿ ಕಟ್ಟಿಕೊಂಡರು. ಲೇತಿನ ಮುಂದೆ ನಿಲ್ಲುವವನೂ ನಕ್ಷೆ ಹಲಗೆಯ ಮುಂದೆ ನಿಲ್ಲುವವನೂ ಒಂದೇ ಮೇಜಿಗೆ ಬಂದದ್ದು ಈ ಸಮಿತಿಯ ವಿಶೇಷ. ಮುಂದೆ ಬಂದ ಯೋಜನೆಯ ಗುಣಮಟ್ಟಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು.

ಕಾಲವೂ ಅಂಥದ್ದೇ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ನಡೆದಿತ್ತು. 1973ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಯನ್ನು ಬಿಗಿ ಮಾಡಿದಾಗ ಬೆಲೆ ನಾಲ್ಕು ಪಟ್ಟಾಯಿತು. ತೈಲದ ಬಿಕ್ಕಟ್ಟಿನ ಜೊತೆಗೆ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟವೂ ಸೇರಿ, 1974ರ ಆರಂಭದಲ್ಲಿ ಬ್ರಿಟನ್ನಿನ ಉದ್ಯಮಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಕೊಡುವಂತಾಯಿತು. ಇಂಧನ ಎಂದೆಂದಿಗೂ ಅಗ್ಗವಾಗಿ ಸಿಗುತ್ತದೆ ಎಂಬ ನಂಬಿಕೆ ಜನಸಾಮಾನ್ಯರಲ್ಲೂ ಸಡಿಲವಾಗಿತ್ತು.

ಉತ್ತರ ಬಾರದ ಪತ್ರಗಳು

1974ರ ನವೆಂಬರಿನಲ್ಲಿ ಒಕ್ಕೂಟದ ಪ್ರತಿನಿಧಿಗಳು ಅಂದಿನ ಲೇಬರ್ ಸರ್ಕಾರದ ಕೈಗಾರಿಕಾ ಸಚಿವ ಟೋನಿ ಬೆನ್ ಅವರನ್ನು ಕಂಡರು. ಕಂಪನಿಯನ್ನು ರಾಷ್ಟ್ರೀಕರಣ ಮಾಡುವ ಭರವಸೆ ಕೊಡಲು ಸಚಿವರಿಗೆ ಸಾಧ್ಯವಾಗಲಿಲ್ಲ. ಅದರ ಬದಲು, ಕಂಪನಿಯ ಭವಿಷ್ಯದ ಬಗ್ಗೆ ನೀವೇ ಒಂದು ಯೋಜನೆ ತಯಾರಿಸಬಾರದೇಕೆ ಎಂದು ಅವರು ಸೂಚಿಸಿದರು. ಒಕ್ಕೂಟ ಅದನ್ನು ಗಂಭೀರವಾಗಿ ತೆಗೆದುಕೊಂಡಿತು.

ಮೊದಲು ಅವರು ಮಾಡಿದ್ದು ನಾವು ನೀವೆಲ್ಲ ಮಾಡುವ ಕೆಲಸವನ್ನೇ. ತಿಳಿದವರನ್ನು ಕೇಳಿದರು. ತಮ್ಮಲ್ಲಿ ಇಂತಿಂಥ ಯಂತ್ರಗಳಿವೆ, ಇಂತಿಂಥ ಕೌಶಲ್ಯಗಳಿವೆ, ಸಮಾಜಕ್ಕೆ ಉಪಯುಕ್ತವಾದ ಏನನ್ನು ತಯಾರಿಸಬಹುದು ಎಂದು ಕೇಳಿ ವಿಶ್ವವಿದ್ಯಾಲಯಗಳಿಗೆ, ಸಂಸ್ಥೆಗಳಿಗೆ, ತಜ್ಞರಿಗೆ ಸುಮಾರು 180 ಪತ್ರಗಳನ್ನು ಬರೆದರು. ಉಪಯುಕ್ತವಾದ ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಮುಕ್ತ ವಿಶ್ವವಿದ್ಯಾಲಯದ ಡೇವಿಡ್ ಎಲಿಯಟ್, ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಮೆರೆಡಿತ್ ಥ್ರಿಂಗ್, ನಾರ್ತ್ ಈಸ್ಟ್ ಲಂಡನ್ ಪಾಲಿಟೆಕ್ನಿಕ್ಕಿನ ರಿಚರ್ಡ್ ಫ್ಲೆಚರ್ ಮುಂತಾದ ಕೆಲವರು ಮಾತ್ರ ಕೈಜೋಡಿಸಿದರು.

ಆಗ ಒಕ್ಕೂಟ ತನ್ನದೇ ಜನರ ಕಡೆ ತಿರುಗಿತು. ಪ್ರತಿ ಕಾರ್ಖಾನೆಗೂ ಒಂದು ಪ್ರಶ್ನಾವಳಿ ಹೋಯಿತು. ನಿಮ್ಮಲ್ಲಿ ಯಾವ ಯಂತ್ರಗಳಿವೆ? ಯಾವ ಕೌಶಲ್ಯದವರು ಎಷ್ಟು ಮಂದಿ ಇದ್ದಾರೆ? ಇದೇ ಯಂತ್ರ, ಇದೇ ಕೈಗಳಿಂದ ಇನ್ನೇನು ಮಾಡಬಹುದು? ಕೇವಲ ತಯಾರಕರಾಗಿ ಅಲ್ಲ, ಮನೆ ಮಕ್ಕಳುಳ್ಳ ಬಳಕೆದಾರರಾಗಿಯೂ ಯೋಚಿಸಿ ಎಂದು ಅವರಿಗೆ ಹೇಳಲಾಗಿತ್ತು. ಸುಮಾರು 150 ಸಲಹೆಗಳು ಬಂದವು. ಅವುಗಳನ್ನು ಜಾಲಾಡಿ, ತಾಂತ್ರಿಕ ವಿವರ ಹಾಗೂ ಆರ್ಥಿಕ ಲೆಕ್ಕಾಚಾರಗಳನ್ನು ಸೇರಿಸಿ, ಒಂದೊಂದೂ ಸುಮಾರು ಇನ್ನೂರು ಪುಟಗಳ ಆರು ಸಂಪುಟಗಳನ್ನು ಸಿದ್ಧಪಡಿಸಲಾಯಿತು.

ಅಧ್ಯಾಪಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಒಕ್ಕೂಟದ ಪ್ರಮುಖರಲ್ಲಿ ಒಬ್ಬರಾದ ಮೈಕ್ ಕೂಲಿ ಐರ್ಲೆಂಡಿನ ಟ್ಯೂಮ್ ಎಂಬ ಊರಿನಲ್ಲಿ 1934ರಲ್ಲಿ ಹುಟ್ಟಿದ ವಿನ್ಯಾಸ ಎಂಜಿನಿಯರು, ಕಂಪ್ಯೂಟರ್ ನೆರವಿನ ವಿನ್ಯಾಸದಲ್ಲಿ ಪರಿಣತರು. ಕುಶಲಕರ್ಮಿಗೆ ತಿಳಿದಿರುವುದೆಲ್ಲ ಬರಹಕ್ಕೆ ಬರುವುದಿಲ್ಲ, ಲೋಹವನ್ನು ಮುಟ್ಟಿ ನೋಡುವ ಬೆರಳಿನಲ್ಲೂ ಶಬ್ದ ಕೇಳಿಯೇ ದೋಷ ಹಿಡಿಯುವ ಕಿವಿಯಲ್ಲೂ ಜ್ಞಾನವಿದೆ ಎಂಬುದು ಅವರ ವಾದವಾಗಿತ್ತು. ವರದಿ ಬರೆಯಲು ಹಿಂಜರಿಯುವ ಕಾರ್ಮಿಕ ಒಂದು ಮಾದರಿ ತಯಾರಿಸಿ ತೋರಿಸಬಲ್ಲ. ಪ್ರಯೋಗಾಲಯದಲ್ಲಿ ಚುರುಕಾಗಿದ್ದು ಉತ್ತರಪತ್ರಿಕೆಯಲ್ಲಿ ಮಂಕಾಗುವ ವಿದ್ಯಾರ್ಥಿಯನ್ನು ಕಂಡ ಯಾವ ಶಿಕ್ಷಕರಿಗೂ ಈ ಮಾತು ಹೊಸದಲ್ಲ.

ಆರು ಸಂಪುಟಗಳಲ್ಲಿ ಏನಿತ್ತು?

ಯೋಜನೆಯಲ್ಲಿ ವೈದ್ಯಕೀಯ ಸಾಧನಗಳು, ಬದಲಿ ಶಕ್ತಿಮೂಲಗಳು, ಸಾರಿಗೆ, ಬ್ರೇಕ್ ವ್ಯವಸ್ಥೆ, ಸಾಗರ ತಂತ್ರಜ್ಞಾನ, ದೂರದಿಂದ ನಡೆಸುವ ಯಂತ್ರಗಳು ಎಂಬ ಆರು ವಿಭಾಗಗಳಿದ್ದವು. ಪರಿಸರಕ್ಕೆ ನೇರವಾಗಿ ಸಂಬಂಧಿಸಿದ ಮೂರನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು ನಾವು ಆರಂಭದಲ್ಲಿ ಕಂಡ ಉಷ್ಣ ಪಂಪ್. ಲೂಕಾಸ್ ಕಾರ್ಮಿಕರದು ವಿದ್ಯುತ್ ಪಂಪ್ ಅಲ್ಲ, ನೈಸರ್ಗಿಕ ಅನಿಲದ ಪುಟ್ಟ ಎಂಜಿನ್ನಿನಿಂದ ನಡೆಯುವ ಪಂಪ್. ಏಕೆ? ದುಂಡು ಸಂಖ್ಯೆಗಳಲ್ಲಿ ಒಂದು ಲೆಕ್ಕ ಮಾಡೋಣ. 100 ಮಾನ ಶಕ್ತಿಯ ಇಂಧನವನ್ನು ಅಂದಿನ ಮನೆ ಬಾಯ್ಲರಿನಲ್ಲಿ ಉರಿಸಿದರೆ ಸುಮಾರು 70 ಮಾನ ಶಾಖ ಮನೆಗೆ ಸಿಗುತ್ತದೆ ಎನ್ನೋಣ. ಅದೇ ಇಂಧನವನ್ನು ವಿದ್ಯುತ್ ಸ್ಥಾವರದಲ್ಲಿ ಉರಿಸಿದರೆ ಮೂರರಲ್ಲಿ ಒಂದು ಭಾಗ, ಅಂದರೆ 33 ಮಾನದಷ್ಟು ವಿದ್ಯುತ್ ದೊರೆಯುತ್ತದೆ. ಉಳಿದದ್ದು ಸ್ಥಾವರದ ತಂಪು ಗೋಪುರದಿಂದ ಆಕಾಶಕ್ಕೆ ಹೋಗುತ್ತದೆ. ಉಷ್ಣ ಪಂಪ್ ತಾನು ಪಡೆದ ಶಕ್ತಿಯ ಮೂರರಷ್ಟು ಶಾಖವನ್ನು ಒದಗಿಸಿದರೆ ಮನೆಗೆ ಸುಮಾರು 100 ಮಾನ ಶಾಖ ಬಂದಂತಾಯಿತು.

ಈಗ ಎಂಜಿನ್ನನ್ನು ಮನೆಯ ಬಳಿಯಲ್ಲೇ ಇಡಿ. 100 ಮಾನದಲ್ಲಿ 30 ಮಾನ ಯಾಂತ್ರಿಕ ಶಕ್ತಿಯಾಗಿ ಪಂಪನ್ನು ನಡೆಸುತ್ತದೆ, ಅದರಿಂದ 90 ಮಾನ ಶಾಖ ಬರುತ್ತದೆ. ಎಂಜಿನ್ ಹೊರಹಾಕುವ 70 ಮಾನ ಶಾಖ ಈಗ ದೂರದ ಸ್ಥಾವರದಲ್ಲಿಲ್ಲ, ಮನೆಯ ಪಕ್ಕದಲ್ಲೇ ಇದೆ. ಅದರಲ್ಲಿ 40 ಮಾನವನ್ನು ಹಿಡಿದುಕೊಂಡರೂ ಒಟ್ಟು 130 ಮಾನವಾಯಿತು. ಶಕ್ತಿ ಸಂರಕ್ಷಣಾ ನಿಯಮ ಮುರಿಯಿತೇ ಎಂದು ಗಾಬರಿಯಾಗಬೇಡಿ. 90ರಲ್ಲಿ 60 ಮಾನ ಹೊರಗಿನ ಗಾಳಿಯಿಂದ ಬಂದದ್ದು. ಮುಕ್ತ ವಿಶ್ವವಿದ್ಯಾಲಯದ ಸಹಕಾರದಲ್ಲಿ ಇಂಥ ಪಂಪಿನ ಒಂದು ಪ್ರಾಯೋಗಿಕ ಮಾದರಿಯೂ ತಯಾರಾಯಿತು. ಇಂದು ಗಾಳಿ, ಬಿಸಿಲುಗಳಿಂದ ವಿದ್ಯುತ್ ಬರುತ್ತಿರುವುದರಿಂದ ಲೆಕ್ಕ ಬದಲಾಗಿದೆ, ವಿದ್ಯುತ್ ಪಂಪುಗಳೇ ಮೇಲುಗೈ ಪಡೆದಿವೆ. ಆದರೆ ವ್ಯರ್ಥವಾಗುವ ಶಾಖ ಎಲ್ಲಿ ಹೋಗುತ್ತಿದೆ ಎಂದು ಹುಡುಕುವ ಆ ದೃಷ್ಟಿ ಇಂದಿಗೂ ಬೇಕಾದದ್ದೇ.

ಎರಡನೆಯದು ಮಿಶ್ರಚಾಲಿತ ವಾಹನ, ಈಗ ನಾವು ಹೈಬ್ರಿಡ್ ಎನ್ನುವುದು. ಊರೊಳಗಿನ ಸಂಚಾರದಲ್ಲಿ ಪೆಟ್ರೋಲ್ ಎಂಜಿನ್ ನಿಲ್ಲುತ್ತದೆ, ಏಳುತ್ತದೆ, ಎಳೆಯುತ್ತದೆ. ಒಂದೇ ವೇಗದಲ್ಲಿ ತಿರುಗುವಾಗ ಇರುವ ದಕ್ಷತೆ ಆಗ ಇರುವುದಿಲ್ಲ, ಹೊಗೆಯೂ ಹೆಚ್ಚು. ಬರೀ ಬ್ಯಾಟರಿ ವಾಹನ ಮಾಡೋಣವೆಂದರೆ ಅಂದಿನ ಸೀಸದ ಬ್ಯಾಟರಿಗಳು ಭಾರಿ ತೂಕದವು, ಬಹುದೂರ ಓಡಿಸಲಾರವು. ಆದ್ದರಿಂದ ಸಣ್ಣ ಎಂಜಿನ್ನನ್ನು ಅದಕ್ಕೆ ಅತ್ಯಂತ ಅನುಕೂಲವಾದ ಸ್ಥಿರ ವೇಗದಲ್ಲಿ ತಿರುಗಿಸಿ ಬ್ಯಾಟರಿಗೆ ವಿದ್ಯುತ್ ತುಂಬಿಸುವುದು, ಚಕ್ರವನ್ನು ವಿದ್ಯುತ್ ಮೋಟಾರಿನಿಂದ ತಿರುಗಿಸುವುದು ಅವರ ಪ್ರಸ್ತಾವ. ಇಂಧನ ಬಳಕೆ ಅರ್ಧಕ್ಕೂ, ವಿಷಾನಿಲಗಳು ಐದರಲ್ಲಿ ಒಂದು ಭಾಗಕ್ಕೂ ಇಳಿಯುತ್ತವೆಂದು ಅವರು ಅಂದಾಜು ಮಾಡಿದ್ದರು. ಈ ಕಲ್ಪನೆ ಅವರೇ ಕಂಡುಹಿಡಿದದ್ದಲ್ಲ, ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಂಥ ವಾಹನಗಳ ಪ್ರಯೋಗ ನಡೆದಿತ್ತು. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಾದ ಹೈಬ್ರಿಡ್ ಕಾರು ಟೊಯೋಟಾ ಪ್ರಿಯಸ್ ಜಪಾನಿನ ಮಾರುಕಟ್ಟೆಗೆ ಬಂದದ್ದು 1997ರ ಡಿಸೆಂಬರಿನಲ್ಲಿ. ಅದರ ಜೋಡಣೆ ಬೇರೆ ಬಗೆಯದಾದರೂ ಉದ್ದೇಶ ಇದೇ. ನಡುವೆ ಕಳೆದುಹೋದದ್ದು 21 ವರ್ಷ.

ಮೂರನೆಯದು ರಸ್ತೆಯ ಮೇಲೂ ರೈಲು ಹಳಿಯ ಮೇಲೂ ಓಡಬಲ್ಲ ಬಸ್ಸು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಘರ್ಷಣೆ ಕಡಿಮೆ. ಇದರಿಂದ ಸಮತಟ್ಟಿನಲ್ಲಿ ಶಕ್ತಿ ಉಳಿತಾಯವಾದರೂ ಏರು ಬಂದರೆ ಚಕ್ರ ಜಾರುತ್ತದೆ. ಹಾಗಾಗಿ ರೈಲು ಮಾರ್ಗಗಳನ್ನು ಸಾಮಾನ್ಯವಾಗಿ 80 ಮೀಟರಿಗೆ ಒಂದು ಮೀಟರಿನಷ್ಟು ಸೌಮ್ಯ ಏರಿನಲ್ಲೇ ಕಟ್ಟಬೇಕು. ಬೆಟ್ಟ ಬಂದರೆ ಸುರಂಗ, ಕಣಿವೆ ಬಂದರೆ ಸೇತುವೆ. ಗಾಳಿ ತುಂಬಿದ ರಬ್ಬರ್ ಚಕ್ರವುಳ್ಳ ಹಗುರ ವಾಹನವಾದರೆ ಆರು ಮೀಟರಿಗೆ ಒಂದು ಮೀಟರಿನಷ್ಟು ಕಡಿದಾದ ಏರನ್ನೂ ಹತ್ತಬಲ್ಲದು. ಬಡ ದೇಶಗಳಲ್ಲಿ ಹಳಿ ಹಾಕುವ ಖರ್ಚು ಇದರಿಂದ ಬಹಳಷ್ಟು ತಗ್ಗುತ್ತದೆಂದು ಯೋಜನೆ ವಾದಿಸಿತ್ತು. ರಿಚರ್ಡ್ ಫ್ಲೆಚರ್ ಅವರ ಪಾಲಿಟೆಕ್ನಿಕ್ಕಿನಲ್ಲಿ ಇಂಥ ಒಂದು ವಾಹನ ತಯಾರಾಗಿ ಓಡಿಯೂ ತೋರಿಸಿತು.

ಇವಲ್ಲದೆ ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಯಂತ್ರ, ಹೃದಯಾಘಾತವಾದವರನ್ನು ಆಸ್ಪತ್ರೆಗೆ ಸಾಗಿಸುವಾಗ ಜೀವ ಉಳಿಸುವ ಕೈಸಾಧನ ಇವೂ ಇದ್ದವು. ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿರುವ ಮಕ್ಕಳು ತಾವೇ ನಡೆಸಿಕೊಂಡು ಓಡಾಡಲು ಹಾಬ್‌ಕಾರ್ಟ್ ಎಂಬ ಪುಟ್ಟ ಗಾಡಿಯೊಂದನ್ನೂ ಸೂಚಿಸಲಾಗಿತ್ತು. ಆ ಮಕ್ಕಳನ್ನು ಕಣ್ಣಾರೆ ಕಂಡು ಬಂದ ವುಲ್ವರ್‌ಹ್ಯಾಂಪ್ಟನ್ ಕಾರ್ಖಾನೆಯವರ ಸಲಹೆ ಅದು.

ಬೇಡವೆಂದ ಆಡಳಿತ

ಇಷ್ಟೆಲ್ಲ ಆದ ಮೇಲೆ ಏನಾಯಿತು? ಕಂಪನಿ 1976ರಲ್ಲೇ ಯೋಜನೆಯನ್ನು ತಳ್ಳಿಹಾಕಿತು. ತಾನು ವಿಮಾನ ಮತ್ತು ರಕ್ಷಣಾ ಕ್ಷೇತ್ರದ ಕೆಲಸಗಳಲ್ಲೇ ಮುಂದುವರಿಯುವುದಾಗಿ ಹೇಳಿತು. ತಾಂತ್ರಿಕವಾಗಿ ಇದು ಸಾಧ್ಯವೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗಲಿಲ್ಲ. ಯಾವ ವಸ್ತುವನ್ನು ತಯಾರಿಸಬೇಕೆಂದು ನಿರ್ಧರಿಸುವ ಅಧಿಕಾರ ಯಾರದ್ದು ಎಂಬುದೇ ಪ್ರಶ್ನೆಯಾಯಿತು. ಕೂಲಿ, ಕೆಲಸದ ಅವಧಿ, ಸುರಕ್ಷತೆಗಳ ಬಗ್ಗೆ ಸಂಘದೊಂದಿಗೆ ಮಾತುಕತೆ ನಡೆಸಲು ಆಡಳಿತ ವರ್ಗಕ್ಕೆ ಅಭ್ಯಾಸವಿತ್ತು. ಉತ್ಪನ್ನದ ಬಗ್ಗೆಯೇ ಸಂಘ ಮಾತನಾಡತೊಡಗಿದಾಗ ಅದು ತನ್ನ ಹಕ್ಕಿನ ಮೇಲಿನ ಅತಿಕ್ರಮಣದಂತೆ ಅದಕ್ಕೆ ಕಂಡಿತು.

ಸರ್ಕಾರ ಕಂಪನಿಯ ಜೊತೆ ಮಾತನಾಡಿಕೊಳ್ಳಿ ಎಂದಿತು. ರಾಷ್ಟ್ರಮಟ್ಟದ ಕಾರ್ಮಿಕ ಸಂಘಟನೆಗಳೂ ಮನಃಪೂರ್ವಕವಾಗಿ ಬೆಂಬಲಿಸಲಿಲ್ಲ. ಹಲವು ಸಂಘಗಳ ಸ್ಟೀವರ್ಡುಗಳು ತಾವೇ ಸೇರಿ ಕಟ್ಟಿಕೊಂಡ ಒಕ್ಕೂಟಕ್ಕೆ ಅವುಗಳ ನಿಯಮಾವಳಿಯಲ್ಲಿ ಸ್ಥಾನವಿರಲಿಲ್ಲ. 1978ರಲ್ಲಿ ಕಂಪನಿ ಇನ್ನಷ್ಟು ಮಂದಿಯನ್ನು ಕೆಲಸದಿಂದ ತೆಗೆಯುವ ತೀರ್ಮಾನ ಪ್ರಕಟಿಸಿತು. ಒಕ್ಕೂಟದ ಹೋರಾಟದಿಂದ ಕೆಲವು ಕಡೆ ಕೆಲಸಗಳು ಕೆಲಕಾಲ ಉಳಿದವು ನಿಜ. ಆದರೆ ಯೋಜನೆಯ ಉತ್ಪನ್ನಗಳು ಲೂಕಾಸ್ ಕಾರ್ಖಾನೆಗಳಿಂದ ಮಾರುಕಟ್ಟೆಗೆ ಬರಲಿಲ್ಲ. 1979ರಲ್ಲಿ ಸರ್ಕಾರ ಬದಲಾಯಿತು. 1981ರಲ್ಲಿ ಮೈಕ್ ಕೂಲಿ ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. ಅದೇ ವರ್ಷ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಮುಂದೆ ಅವರು ಲಂಡನ್ ಮಹಾನಗರ ಪರಿಷತ್ತಿನ ಉದ್ಯಮ ಮಂಡಳಿಯಲ್ಲಿ ತಂತ್ರಜ್ಞಾನದ ಹೊಣೆ ಹೊತ್ತು, ಜನರೂ ಪಾಲಿಟೆಕ್ನಿಕ್ಕುಗಳೂ ಜೊತೆಗೂಡಿ ಕೆಲಸ ಮಾಡುವ ತಂತ್ರಜ್ಞಾನ ಜಾಲಗಳನ್ನು ಕಟ್ಟಲು ನೆರವಾದರು. ಆ ಪರಿಷತ್ತನ್ನೇ 1986ರಲ್ಲಿ ರದ್ದು ಮಾಡಲಾಯಿತು. 2020ರಲ್ಲಿ ಕೂಲಿ ತೀರಿಕೊಂಡರು.

ಯೋಜನೆಯನ್ನು ಅಪ್ಪಟ ಯಶಸ್ಸಿನ ಕಥೆಯೆಂದು ಹೇಳಲಾಗದು. ಅದರ ಎಲ್ಲ ಉತ್ಪನ್ನಗಳೂ ಲಾಭ ತರುತ್ತಿದ್ದವೆಂದೂ ಹೇಳಲಾಗದು, ಪರೀಕ್ಷೆಯೇ ನಡೆಯಲಿಲ್ಲವಲ್ಲ! ಆದರೆ ಒಂದು ಮಾತು ಸ್ಪಷ್ಟ. ಉಷ್ಣ ಪಂಪು, ಗಾಳಿಯಂತ್ರ, ಹೈಬ್ರಿಡ್ ವಾಹನಗಳ ಅಗತ್ಯವನ್ನು ಹವಾಮಾನ ಬದಲಾವಣೆಯ ಮಾತು ಮನೆಮಾತಾಗುವ ಮೊದಲೇ ಈ ಕೆಲಸಗಾರರು ಗುರುತಿಸಿದ್ದರು. ಕೊರತೆ ಇದ್ದದ್ದು ತಂತ್ರಜ್ಞಾನದಲ್ಲಲ್ಲ.

ಬೇರೆ ದೇಶಗಳಲ್ಲಿ

ಇದೇ ಕಾಲದಲ್ಲಿ ಬೇರೆ ಕಡೆಯ ಸಂಘಗಳೂ ಪರಿಸರದ ಪ್ರಶ್ನೆಯನ್ನು ಎದುರಿಸುತ್ತಿದ್ದವು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜ್ಯಾಕ್ ಮುಂಡೆ ನೇತೃತ್ವದ ಕಟ್ಟಡ ಕಾರ್ಮಿಕರ ಸಂಘ 1971ರಲ್ಲಿ ಕೆಲ್ಲೀಸ್ ಬುಷ್ ಎಂಬ ಸಣ್ಣ ಕಾಡನ್ನು ಕಡಿದು ಮನೆ ಕಟ್ಟುವ ಕೆಲಸಕ್ಕೆ ಕೈಹಾಕುವುದಿಲ್ಲವೆಂದಿತು. ಸ್ಥಳೀಯ ಗೃಹಿಣಿಯರು ಬಂದು ಕೇಳಿಕೊಂಡದ್ದರ ಫಲ ಅದು. ಇಂಥ ನಿಷೇಧಗಳಿಗೆ ಹಸಿರು ನಿಷೇಧ ಎಂದು ಹೆಸರಾಯಿತು. 1974ರ ವೇಳೆಗೆ ನಲವತ್ತಕ್ಕೂ ಹೆಚ್ಚು ಕಡೆ ಅವು ಜಾರಿಯಲ್ಲಿದ್ದವು. ಸಿಡ್ನಿಗೆ ಹೋದವರು ಇಂದು ನೋಡುವ ದಿ ರಾಕ್ಸ್ ಎಂಬ ಹಳೆಯ ಬಡಾವಣೆ ಉಳಿದದ್ದು ಇದರಿಂದ. ಕೂಲಿ ಸಿಗುವ ಕೆಲಸವನ್ನೇ ಬೇಡವೆಂದವರು ಇವರು.

ಅಮೆರಿಕದಲ್ಲಿ ಟೋನಿ ಮಝೋಕಿ ಎಂಬ ನಾಯಕರು ತೈಲ ಮತ್ತು ರಾಸಾಯನಿಕ ಕಾರ್ಮಿಕರ ಸಂಘದಲ್ಲಿದ್ದರು. 1973ರಲ್ಲಿ ಶೆಲ್ ಕಂಪನಿಯ ಶುದ್ಧೀಕರಣ ಘಟಕಗಳಲ್ಲಿ ಆರೋಗ್ಯ ಮತ್ತು ಸುರಕ್ಷತೆಯ ಪ್ರಶ್ನೆಗಾಗಿ ನಡೆದ ಮುಷ್ಕರಕ್ಕೆ ಪರಿಸರ ಸಂಘಟನೆಗಳ ಬೆಂಬಲ ಸಿಕ್ಕಿತು. ಕಾರ್ಮಿಕನ ಶ್ವಾಸಕೋಶಕ್ಕೆ ಹೋಗುವ ವಿಷವೇ ಬೇಲಿ ದಾಟಿ ಊರಿಗೂ ಹೋಗುತ್ತದೆ ಎಂಬುದು ಎರಡೂ ಕಡೆಯವರಿಗೆ ಅರ್ಥವಾಗಿತ್ತು. ವಿಷಕಾರಿ ಉದ್ಯಮಗಳು ಒಂದಲ್ಲ ಒಂದು ದಿನ ಮುಚ್ಚಬೇಕಾಗುತ್ತದೆ ಎಂದು ಮಝೋಕಿ ಒಪ್ಪಿಕೊಂಡಿದ್ದರು. ಆದರೆ ಅದರ ಬೆಲೆಯನ್ನು ಕಾರ್ಮಿಕನೊಬ್ಬನೇ ತೆರಬಾರದು ಎಂದರು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಓದಲು, ಬದುಕು ಕಟ್ಟಲು ಹಣ ಕೊಟ್ಟಿತ್ತು. ಸ್ವತಃ ಆ ಯುದ್ಧದಲ್ಲಿದ್ದ ಅವರು, ಕೆಲಸ ಕಳೆದುಕೊಳ್ಳುವ ಕಾರ್ಮಿಕರಿಗೂ ಅಂಥದೇ ನಿಧಿ ಬೇಕೆಂದರು. 'ನ್ಯಾಯಯುತ ಪರಿವರ್ತನೆ' ಎಂಬ ಮಾತು ಇಲ್ಲಿಂದ ಬೆಳೆದು ಬಂತು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಈ ಮಾತು ಸೇರಿಕೊಂಡದ್ದರ ಹಿಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಹಲವು ವರ್ಷಗಳ ಪ್ರಯತ್ನವಿದೆ.

ಅದು ಕಾಗದದ ಮಾತಾಗಿಯೇ ಉಳಿಯಬೇಕಿಲ್ಲ ಎಂಬುದಕ್ಕೆ ಸ್ಪೇನ್ ಒಂದು ಉದಾಹರಣೆ. 2018ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ, ಗಣಿ ಕಾರ್ಮಿಕರ ಸಂಘಗಳು ಮತ್ತು ಗಣಿ ಮಾಲೀಕರು ಒಪ್ಪಂದವೊಂದಕ್ಕೆ ಬಂದರು. ಉಳಿದಿದ್ದ ಬಹುತೇಕ ಕಲ್ಲಿದ್ದಲು ಗಣಿಗಳನ್ನು ಆ ವರ್ಷದ ಕೊನೆಗೇ ಮುಚ್ಚುವುದೆಂದಾಯಿತು. ಬದಲಾಗಿ 48 ವರ್ಷ ಮೀರಿದವರಿಗೆ ಮುಂಚಿತ ನಿವೃತ್ತಿ, ಕಿರಿಯರಿಗೆ ಹೊಸ ಉದ್ಯೋಗದ ತರಬೇತಿ, ಹಾಳಾದ ಗಣಿ ಪ್ರದೇಶವನ್ನು ಮತ್ತೆ ಹಸನು ಮಾಡುವ ಕೆಲಸ ಇವಕ್ಕೆಲ್ಲ ಸೇರಿ 25 ಕೋಟಿ ಯೂರೊ ಒದಗಿಸಲಾಯಿತು. ಗಣಿ ಮುಚ್ಚುವ ಒಪ್ಪಂದಕ್ಕೆ ಕಾರ್ಮಿಕ ಸಂಘವೇ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ.

ಲೂಕಾಸ್ ಕಾರ್ಮಿಕರ ಹಾದಿಯೂ ಪೂರ್ತಿ ಮುಚ್ಚಿಹೋಗಿಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಬಳಿ ಕಾರಿನ ಆಕ್ಸಲ್ ತಯಾರಿಸುತ್ತಿದ್ದ ಜಿಕೆಎನ್ ಕಾರ್ಖಾನೆಯ 422 ಮಂದಿಗೆ 2021ರ ಜುಲೈಯಲ್ಲಿ ಕೆಲಸ ಹೋಯಿತೆಂಬ ಸುದ್ದಿ ಇ-ಮೇಲಿನಲ್ಲಿ ಬಂತು. ಅವರು ಕಾರ್ಖಾನೆ ಬಿಟ್ಟು ಹೋಗಲಿಲ್ಲ. ಸಂಶೋಧಕರ ನೆರವು ಪಡೆದು, ಅಲ್ಲಿಯೇ ಸೌರ ಫಲಕ ಮತ್ತು ಸರಕು ಸಾಗಿಸುವ ಸೈಕಲ್ಲುಗಳನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು.

ಸಂಘಗಳೂ ಎಡವಿವೆ

ಇಷ್ಟು ಓದಿ, ಕಾರ್ಮಿಕ ಸಂಘಗಳೆಲ್ಲ ಪರಿಸರದ ಕಾವಲುಗಾರರು ಎಂದು ನೀವು ತೀರ್ಮಾನಿಸಬಾರದು. ಅಮೆರಿಕದ ಕಾರ್ಮಿಕ ಸಂಘಗಳ ಮಹಾ ಒಕ್ಕೂಟ 1997ರ ಕ್ಯೋಟೊ ಒಪ್ಪಂದವನ್ನು ವಿರೋಧಿಸಿತ್ತು. ಹಲವು ದೇಶಗಳಲ್ಲಿ ಗಣಿ ಸಂಘಗಳು ಕಲ್ಲಿದ್ದಲಿನ ಪರವಾಗಿ ಬೀದಿಗಿಳಿದಿವೆ. ಇದರಲ್ಲಿ ಆಶ್ಚರ್ಯವೇನಿಲ್ಲ. ನಾಳೆ ಒಲೆ ಹೊತ್ತಿಸುವುದು ಹೇಗೆಂದು ಗೊತ್ತಿಲ್ಲದವನಿಗೆ ಐವತ್ತು ವರ್ಷಗಳ ನಂತರದ ಸಮುದ್ರಮಟ್ಟದ ಬಗ್ಗೆ ಹೇಳಿದರೆ ಅದು ಮನಸ್ಸಿಗೆ ಇಳಿಯುವುದಿಲ್ಲ.

ಹಾಗಾದರೆ ಒಂದೇ ಬಗೆಯ ಸಂಘಟನೆ ಒಂದು ಕಡೆ ಪರಿವರ್ತನೆಗೆ ಅಡ್ಡ ನಿಲ್ಲುವುದೇಕೆ, ಇನ್ನೊಂದು ಕಡೆ ದಾರಿ ತೋರಿಸುವುದೇಕೆ? ಮೇಲಿನ ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತೀರ್ಮಾನವೆಲ್ಲ ಮುಗಿದ ಮೇಲೆ ಸುದ್ದಿ ತಿಳಿದ ಕಾರ್ಮಿಕನಿಗೆ ಉಳಿಯುವ ದಾರಿ ಹೆಚ್ಚಾಗಿ ವಿರೋಧ ಒಂದೇ. ಮೊದಲೇ ಕೇಳಿದರೆ, ಅಥವಾ ಲೂಕಾಸಿನವರಂತೆ ಯಾರೂ ಕೇಳದಿದ್ದರೂ ತಾವೇ ಯೋಚಿಸಲು ಕುಳಿತರೆ, ಅವರಿಂದ ಉಪಾಯಗಳು ಬರುತ್ತವೆ. ಯಂತ್ರವನ್ನು ದಿನವೂ ನಡೆಸುವವರಿಗೆ ಅದರ ಯಾವ ಕೊಳವೆಯಿಂದ ಏನು ಸೋರುತ್ತದೆ, ಅದೇ ಯಂತ್ರದಿಂದ ಇನ್ನೇನು ಮಾಡಬಹುದು ಎಂಬುದು ಗೊತ್ತಿರುತ್ತದೆ.

ನಮ್ಮ ಹತ್ತಿರದ ಒಂದು ಪ್ರಶ್ನೆ

ಲೂಕಾಸ್ ಯೋಜನೆ ಹೊರಬಂದ 1976ರಲ್ಲೇ ನಮ್ಮ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಭದ್ರಾ ನದಿಯ ಮೇಲುಕಣಿವೆಯಲ್ಲಿ ಅಗೆದ ಅದಿರನ್ನು ನುಣ್ಣಗೆ ಅರೆದು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದ ವ್ಯವಸ್ಥೆ ಎಂಜಿನಿಯರಿಂಗ್ ದೃಷ್ಟಿಯಿಂದ ಅಸಾಮಾನ್ಯವಾದದ್ದೇ. ಕಾಡು ಮತ್ತು ನದಿಗೆ ಆಗುತ್ತಿದ್ದ ಹಾನಿಯ ವಿರುದ್ಧ ಜನ ಹೋರಾಡಿದರು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ತೀರ್ಪು ನೀಡಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು, ನದಿ ಉಳಿಯಬೇಕಾಗಿತ್ತು. ಗಣಿಗಾಗಿ ಎದ್ದಿದ್ದ ಊರು ಮಾತ್ರ ನಂತರ ಬಹುಮಟ್ಟಿಗೆ ಖಾಲಿಯಾಯಿತು.

ತೀರ್ಪಿಗೂ ಮುಚ್ಚುಗಡೆಗೂ ನಡುವೆ ಮೂರು ವರ್ಷಗಳಿದ್ದವು. ನಿಮ್ಮ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಸಿ. ವಿದ್ಯಾರ್ಥಿಗಳು ಆ ಊರಿನ ವೆಲ್ಡರ್, ಪಂಪ್ ನಡೆಸುವವರು, ಎಲೆಕ್ಟ್ರಿಷಿಯನ್, ಪ್ರಯೋಗಾಲಯದ ರಸಾಯನಶಾಸ್ತ್ರಜ್ಞರು ಎಂದುಕೊಳ್ಳಲಿ. ತಮ್ಮ ಕೈಯಲ್ಲಿರುವ ಯಂತ್ರಗಳ, ಕೌಶಲ್ಯಗಳ ಪಟ್ಟಿ ಮಾಡಲಿ. ಕಾಡಿಗೆ ಹಾನಿ ಮಾಡದೆ ಈ ಕೈಗಳಿಂದ ಬೇರೆ ಏನು ಮಾಡಬಹುದಿತ್ತು ಎಂದು ಲೂಕಾಸ್ ಪ್ರಶ್ನಾವಳಿಯ ರೀತಿಯಲ್ಲೇ ಕೇಳಿಕೊಳ್ಳಲಿ. ಪ್ರತಿ ಉತ್ತರಕ್ಕೂ ಶಕ್ತಿಯ ಲೆಕ್ಕ, ಖರ್ಚಿನ ಲೆಕ್ಕ ಬರೆಯಲಿ. ನಿಮ್ಮ ಊರಿನಲ್ಲಿ ಇದ್ದಿಲು ಭಟ್ಟಿಯೋ, ಹೆಂಚಿನ ಕಾರ್ಖಾನೆಯೋ, ಬಣ್ಣದ ಘಟಕವೋ ಇದ್ದರೆ ಅಲ್ಲಿ ಕೆಲಸ ಮಾಡುವವರನ್ನೇ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ನಮ್ಮ ದೇಶದಲ್ಲಿ ಕಲ್ಲಿದ್ದಲು ಗಣಿಗಳನ್ನೂ ಅದರ ವಿದ್ಯುತ್ ಸ್ಥಾವರಗಳನ್ನೂ ಲಕ್ಷಾಂತರ ಮಂದಿ ನೆಚ್ಚಿಕೊಂಡಿದ್ದಾರೆ. 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲಪುವುದಾಗಿ ಭಾರತ 2021ರಲ್ಲಿ ಘೋಷಿಸಿದೆ. ಇಂದು ನಿಮ್ಮ ಎದುರು ಕುಳಿತಿರುವ ವಿದ್ಯಾರ್ಥಿಗಳ ಪೂರ್ತಿ ದುಡಿಮೆಯ ಬದುಕು ಈ ಪರಿವರ್ತನೆಯ ನಡುವೆಯೇ ಕಳೆಯಲಿದೆ. ಅವರಲ್ಲಿ ಕೆಲವರು ಎಂಜಿನಿಯರಾಗಿ 180 ಪತ್ರಗಳಂಥ ಒಂದು ಪತ್ರವನ್ನು ಪಡೆಯಬಹುದು. ಇನ್ನು ಕೆಲವರು ಅದನ್ನು ಬರೆಯುವವರಾಗಬಹುದು. ಪತ್ರ ಬಂದಾಗ ಉತ್ತರ ಬರೆಯಬೇಕು ಎಂಬಷ್ಟನ್ನಾದರೂ ಅವರು ಈ ಇತಿಹಾಸದಿಂದ ಕಲಿತರೆ ಸಾಕು.